ಪುಟ್ಟ ಬಾಟಲಿಯ ದೊಡ್ಡ ಲೆಕ್ಕ: ಕೈನೇಸ್ ಯಾಕೆ ಶಿಕಾರಿಪುರ-ಸೊರಬದವರ ವಿಷಯ

ಭಾಗ 1/9

ಮೊದಲೇ ಹೇಳ್ಬಿಡ್ತೀನಿ, ಈ ಸಲದ ಸರಣಿ ಉದ್ದ ಇದೆ. ಒಂಬತ್ತು ಭಾಗ. ಶಿಕಾರಿಪುರದಿಂದ ಶಿವಮೊಗ್ಗಕ್ಕೆ ಬಸ್ಸಲ್ಲಿ ಹೋಗುವಷ್ಟರಲ್ಲಿ ಓದಿ ಮುಗಿಸಬಹುದು, ಸೀಟು ಸಿಕ್ಕಿದ್ರೆ.

ವಿಷಯದ ಹೆಸರು ಕೇಳಿ ತಕ್ಷಣ ಮೇಲೆ ತಳ್ಳಬೇಡಿ: ರೀಕಾಂಬಿನೆಂಟ್ ಹ್ಯೂಮನ್ ಕೈನೇಸ್. ಅಂದ್ರೆ ನಮ್ಮ ನಿಮ್ಮ ಮೈಯಲ್ಲೇ ಇರುವ ಒಂದು ಜಾತಿಯ ಎಂಜೈಮ್. ಅದನ್ನ ಮನುಷ್ಯನ ದೇಹದಿಂದ ತೆಗೆಯದೆ, ಬೇರೆ ಜೀವಿಯ ಕೋಶದಲ್ಲಿ ತಯಾರು ಮಾಡಿ, ಶುದ್ಧ ಮಾಡಿ, ಪುಟ್ಟ ಬಾಟಲಿಯಲ್ಲಿ ಹಾಕಿ ಲ್ಯಾಬ್‌ಗಳಿಗೆ ಮಾರ್ತಾರೆ. ಬಾಟಲಿ ಮೇಲೆ "ಸಂಶೋಧನೆಗೆ ಮಾತ್ರ" ಅಂತ ಬರೆದಿರುತ್ತೆ. ಅದು ಔಷಧ ಅಲ್ಲ. ಔಷಧ ಹುಡುಕೋರಿಗೆ ಬೇಕಾದ ಸಾಮಾನು.

"ಬಿಕಾಂ ಓದೋರಿಗೆ ಇದೆಲ್ಲ ಎಂತಕ್ಕೆ ಮಾರಾಯ, ಬಿಎಸ್ಸಿಯವರು ನೋಡ್ಕೊಳ್ಳಲಿ" ಅಂತೀರಾ? ನನ್ನ ವಾದ ಇರೋದೇ ಅಲ್ಲಿ. ಈ ಬಾಟಲಿ ಹೇಗೆ ಕೆಲಸ ಮಾಡುತ್ತೆ ಅನ್ನೋದು ವಿಜ್ಞಾನ. ಆದರೆ ಯಾವ ಕಾಯಿಲೆಗೆ ಬೇಕಾದ ಬಾಟಲಿ ಅಂಗಡಿಯಲ್ಲಿ ಸಿಗುತ್ತೆ, ಯಾವ ಕಾಯಿಲೆಗೆ ಸಿಗಲ್ಲ ಅನ್ನೋದು ಪಕ್ಕಾ ವಾಣಿಜ್ಯ. ಡಿಮ್ಯಾಂಡ್, ಸಪ್ಲೈ, ಕಾಸ್ಟಿಂಗ್, ಪೇಟೆಂಟ್, ತೆರಿಗೆ, ಸಾಗಾಟ. ನಮ್ಮ ಸಿಲಬಸ್ಸೇ.

ಮತ್ತೆ ಜಗತ್ತಿನ ವೈದ್ಯಕೀಯ ಪುಸ್ತಕಗಳಲ್ಲಿ ನಮ್ಮ ಸೊರಬ ತಾಲ್ಲೂಕಿನ ಹೆಸರು ಹೊತ್ತ ಒಂದು ಕಾಯಿಲೆ ಇದೆ. ಕ್ಯಾಸನೂರು ಕಾಡಿನ ಕಾಯಿಲೆ. ನಮ್ಮ ಬಾಯಲ್ಲಿ ಮಂಗನ ಕಾಯಿಲೆ. ಅದು ಪತ್ತೆಯಾಗಿದ್ದು 1957ರಲ್ಲಿ. ಇವತ್ತಿಗೂ ಅದಕ್ಕೇ ಅಂತ ಒಂದು ಮಾತ್ರೆ ಇಲ್ಲ. ಯಾಕೆ ಇಲ್ಲ ಅನ್ನೋದಕ್ಕೆ ಒಂದು ಕಾರಣ ಈ ಬಾಟಲಿಯ ಲೆಕ್ಕದಲ್ಲಿದೆ.

ನನ್ನ ಅಭಿಪ್ರಾಯ ಒಂದೇ ಸಾಲಲ್ಲಿ: ಮಾರುಕಟ್ಟೆ ಮಾಡಿಕೊಡದ ಸಂಶೋಧನಾ ಸಾಮಾನನ್ನ ಸಾರ್ವಜನಿಕ ದುಡ್ಡಲ್ಲಿ, ನಮ್ಮ ಜಿಲ್ಲೆಯಲ್ಲೇ ಮಾಡಬೇಕು. ಅದನ್ನ ಕೇಳೋ ಹಕ್ಕು ನಮಗೆ ಬೇರೆ ಯಾರಿಗಿಂತಲೂ ಜಾಸ್ತಿ ಇದೆ. ಬನ್ನಿ, ಒಂದೊಂದಾಗಿ ನೋಡೋಣ.

ಭಾಗ 2/9: ಸೀಲು ಹಾಕೋ ಗುಮಾಸ್ತ

ಕೈನೇಸ್ ಅಂದ್ರೆ ಏನು? ತಾಲ್ಲೂಕು ಆಫೀಸನ್ನ ನೆನಪು ಮಾಡ್ಕೊಳ್ಳಿ. ಅರ್ಜಿ ಬರೆದಿದೀರಿ, ಎಲ್ಲಾ ದಾಖಲೆ ಲಗತ್ತಿಸಿದೀರಿ. ಆದರೂ ಸೀಲು ಬೀಳೋ ತನಕ ಅದು ಬರೀ ಕಾಗದ. ಸೀಲು ಬಿತ್ತು ಅಂದ್ರೆ ಫೈಲು ಮುಂದೆ ಓಡುತ್ತೆ.

ನಮ್ಮ ಜೀವಕೋಶದಲ್ಲಿ ಕೆಲಸ ಮಾಡೋದೆಲ್ಲ ಪ್ರೋಟೀನ್‌ಗಳು. ಅವಕ್ಕೂ ಸೀಲು ಬೇಕು. ಆ ಸೀಲಿನ ಹೆಸರು ಫಾಸ್ಫೇಟ್. ಎಟಿಪಿ ಅನ್ನೋ ಅಣುವಿನಿಂದ ಒಂದು ಫಾಸ್ಫೇಟ್ ಕಿತ್ತು, ಇನ್ನೊಂದು ಪ್ರೋಟೀನ್ ಮೇಲೆ ಅಂಟಿಸುವ ಗುಮಾಸ್ತನೇ ಕೈನೇಸ್. ಎಟಿಪಿ ಅಂದ್ರೆ ಇಂಕ್ ಪ್ಯಾಡ್ ಅಂದ್ಕೊಳ್ಳಿ. ಸೀಲು ಬಿದ್ದ ಪ್ರೋಟೀನ್ ಎಚ್ಚರ ಆಗುತ್ತೆ, ಅಥವಾ ಮಲಗುತ್ತೆ, ಅಥವಾ ಜಾಗ ಬದಲಾಯಿಸುತ್ತೆ. ಬಿದ್ದ ಸೀಲನ್ನ ಅಳಿಸೋಕೆ ಬೇರೆ ಎಂಜೈಮ್‌ಗಳಿವೆ, ಅವು ಫಾಸ್ಫಟೇಸ್.

ಈ ಸೀಲಿನ ವ್ಯವಹಾರವನ್ನ 1950ರ ದಶಕದಲ್ಲಿ ಬಿಡಿಸಿಟ್ಟವರು ಎಡ್ವಿನ್ ಕ್ರೆಬ್ಸ್ ಮತ್ತು ಎಡ್ಮಂಡ್ ಫಿಷರ್. ಸ್ನಾಯು ತನ್ನಲ್ಲಿ ಕೂಡಿಟ್ಟ ಸಕ್ಕರೆಯನ್ನ ಹೇಗೆ ಬಿಡುಗಡೆ ಮಾಡುತ್ತೆ ಅಂತ ಹುಡುಕ್ತಾ ಇದ್ದವರಿಗೆ ಇದು ಸಿಕ್ಕಿತು. 1992ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಮನುಷ್ಯನ ಜೀನ್‌ಗಳನ್ನೆಲ್ಲ ಎಣಿಸಿದಾಗ, 2002ರಲ್ಲಿ ಸಿಕ್ಕ ಲೆಕ್ಕ 518 ಪ್ರೋಟೀನ್ ಕೈನೇಸ್‌ಗಳು. ಐನೂರಕ್ಕೂ ಹೆಚ್ಚು ಗುಮಾಸ್ತರು, ಒಬ್ಬೊಬ್ಬರಿಗೂ ಬೇರೆ ಬೇರೆ ಟೇಬಲ್. ಕೋಶ ಯಾವಾಗ ಬೆಳೆಯಬೇಕು, ಯಾವಾಗ ಎರಡಾಗಬೇಕು, ಯಾವಾಗ ಸಾಯಬೇಕು ಅನ್ನೋ ಫೈಲುಗಳೆಲ್ಲ ಇವರ ಟೇಬಲ್ ದಾಟಿಯೇ ಹೋಗಬೇಕು.

ಒಬ್ಬ ಗುಮಾಸ್ತನಿಗೆ ತಲೆಕೆಟ್ಟು ಬಂದ ಕಾಗದಕ್ಕೆಲ್ಲ ಹಗಲೂ ರಾತ್ರಿ ಸೀಲು ಹೊಡೀತಾ ಕೂತರೆ? ಕೋಶ ನಿಲ್ಲದೆ ಬೆಳೆಯುತ್ತೆ. ಅದಕ್ಕೆ ನಾವು ಕ್ಯಾನ್ಸರ್ ಅಂತೀವಿ. ಎಲ್ಲಾ ಕ್ಯಾನ್ಸರ್ ಹೀಗೇ ಶುರುವಾಗಲ್ಲ, ಆದರೆ ಎಷ್ಟೋ ಕ್ಯಾನ್ಸರ್‌ಗಳಲ್ಲಿ ಯಾವುದಾದರೊಂದು ಕೈನೇಸ್ ಹದ ತಪ್ಪಿರುತ್ತೆ.

ಹಾಗಾದ್ರೆ ಆ ಒಬ್ಬನನ್ನ ಮಾತ್ರ ತಡೆಯೋ ರಾಸಾಯನಿಕ ಹುಡುಕಬೇಕು. ಹುಡುಕೋಕೆ ಮೊದಲು ಆ ಗುಮಾಸ್ತನನ್ನ ಆಫೀಸಿಂದ ಹೊರಗೆ ತಂದು, ಒಂಟಿಯಾಗಿ ಕೂರಿಸಿ, ಪರೀಕ್ಷೆ ಮಾಡಬೇಕು. ಆ ಒಂಟಿ ಗುಮಾಸ್ತನೇ ಬಾಟಲಿಯಲ್ಲಿರೋ ರೀಕಾಂಬಿನೆಂಟ್ ಕೈನೇಸ್.

ಭಾಗ 3/9: ಜೋಳ ತಿನ್ನೋ ಹುಳುವಿನ ಕಾರ್ಖಾನೆ

ಈ ಎಂಜೈಮ್ ಎಲ್ಲಿ ತಯಾರಾಗುತ್ತೆ ಗೊತ್ತಾ? ಹೇಳಿದ್ರೆ ಶಿಕಾರಿಪುರದ ಕಡೆಯ ರೈತರ ಮಕ್ಕಳು ಬೆಚ್ಚಿಬೀಳ್ತೀರಿ.

2018ರಲ್ಲಿ ನಮ್ಮ ಗೋವಿನಜೋಳದ ಸುಳಿಗೆ ಬಿತ್ತಲ್ಲ ಒಂದು ಹುಳು, ಫಾಲ್ ಸೈನಿಕ ಹುಳು. ಎಲೆ ಜಾಲರಿ ಆಗಿ, ಸುಳಿ ತುಂಬ ಲದ್ದಿ ತುಂಬಿಕೊಂಡು, ಔಷಧಿ ಹೊಡೆದೂ ಹೊಡೆದೂ ಸುಸ್ತಾದ ವರ್ಷ. ಅಮೆರಿಕ ಖಂಡದ ಹುಳು ಅದು. 2016ರಲ್ಲಿ ಆಫ್ರಿಕಾದಲ್ಲಿ ಕಾಣಿಸಿಕೊಂಡು, ಎರಡು ವರ್ಷದಲ್ಲಿ ಭಾರತಕ್ಕೆ ಬಂತು. ಇಡೀ ದೇಶದಲ್ಲಿ ಅದನ್ನ ಮೊದಲು ಗುರುತಿಸಿದ್ದು ನಮ್ಮ ಶಿವಮೊಗ್ಗದಲ್ಲೇ, ಇಲ್ಲಿನ ಕೃಷಿ ವಿಶ್ವವಿದ್ಯಾಲಯದ ಕೀಟ ವಿಜ್ಞಾನಿಗಳು. ವೈಜ್ಞಾನಿಕ ಹೆಸರು ಸ್ಪೊಡಾಪ್ಟೆರಾ ಫ್ರುಜಿಪೆರ್ಡಾ.

ಈ ಹುಳುವಿನ ಗೂಡುಕಟ್ಟಿದ ಹಂತದ ಅಂಡಾಶಯದಿಂದ 1970ರ ದಶಕದಲ್ಲೇ ವಿಜ್ಞಾನಿಗಳು ಕೋಶಗಳನ್ನ ತೆಗೆದು, ಗಾಜಿನ ಪಾತ್ರೆಯಲ್ಲಿ ಬೆಳೆಸಿದ್ರು. ಆ ವಂಶದಿಂದ ಬಂದ ಕೋಶಗಳ ಹೆಸರು ಎಸ್ಎಫ್9. ಎಸ್ ಅಂದ್ರೆ ಸ್ಪೊಡಾಪ್ಟೆರಾ, ಎಫ್ ಅಂದ್ರೆ ಫ್ರುಜಿಪೆರ್ಡಾ. ಇವತ್ತಿಗೂ ಅವು ಜಗತ್ತಿನ ಲ್ಯಾಬ್‌ಗಳಲ್ಲಿ ಬೆಳೀತಾನೇ ಇವೆ. ಮಾರುಕಟ್ಟೆಗೆ ಬರುವ ಎಷ್ಟೋ ಮಾನವ ಕೈನೇಸ್‌ಗಳು ತಯಾರಾಗೋದು ಈ ಹುಳುವಿನ ಕೋಶದಲ್ಲೇ.

ವಿಧಾನ ಹೀಗೆ. ಮನುಷ್ಯನ ಕೈನೇಸ್ ಜೀನನ್ನ ಕೀಟಕ್ಕೆ ಮಾತ್ರ ತಗಲುವ ಬ್ಯಾಕ್ಯುಲೋವೈರಸ್ ಒಳಗೆ ಸೇರಿಸ್ತಾರೆ. ಆ ವೈರಸ್ಸನ್ನ ಎಸ್ಎಫ್9 ಕೋಶಗಳಿಗೆ ಬಿಡ್ತಾರೆ. ಕೋಶ ಪಾಪ, ಇದು ತನ್ನದೇ ಆದೇಶ ಅಂದ್ಕೊಂಡು ಎರಡು ಮೂರು ದಿನ ಮನುಷ್ಯನ ಎಂಜೈಮನ್ನ ತಯಾರಿಸುತ್ತೆ. ಆಮೇಲೆ ಕೋಶ ಒಡೆದು, ಎಂಜೈಮನ್ನ ಸೋಸಿ ತೆಗೀತಾರೆ. ಕೆಲವು ಕೈನೇಸ್‌ಗಳನ್ನ ಬ್ಯಾಕ್ಟೀರಿಯಾದಲ್ಲೂ ಮಾಡಬಹುದು, ಆದರೆ ದೊಡ್ಡ ಪ್ರೋಟೀನ್‌ಗಳು ಅಲ್ಲಿ ಸರಿಯಾಗಿ ಮಡಚಿಕೊಳ್ಳಲ್ಲ. ಹುಳುವಿನ ಕೋಶ ನಮ್ಮ ಕೋಶಕ್ಕೆ ಇನ್ನೂ ಸ್ವಲ್ಪ ಹತ್ತಿರ.

ಅದೇ ಹುಳು ನಮ್ಮ ಹೊಲದಲ್ಲಿ ನಷ್ಟದ ಖಾತೆ, ಇನ್ನೊಂದು ಕಡೆ ಆದಾಯದ ಖಾತೆ. ಹುಳುವಿನಲ್ಲಿ ವ್ಯತ್ಯಾಸ ಇಲ್ಲ. ಯಾರ ಹತ್ರ ಲ್ಯಾಬ್ ಇದೆ ಅನ್ನೋದ್ರಲ್ಲಿ ಇದೆ.

ಭಾಗ 4/9: ಜಿಎಸ್‌ಟಿ ಅಂದ್ರೆ ಈ ಜಿಎಸ್‌ಟಿ ಅಲ್ಲ

ಈಗ ಬಿಕಾಂನವರು ನಗೋ ಭಾಗ. ಕೈನೇಸ್ ಬಾಟಲಿಗಳ ಹೆಸರಿನ ಪಕ್ಕದಲ್ಲಿ ಬಹಳ ಸಲ "ಜಿಎಸ್‌ಟಿ ಟ್ಯಾಗ್" ಅಂತ ಬರೆದಿರುತ್ತೆ. ತೆರಿಗೆ ಅಲ್ಲ. ಗ್ಲುಟಾಥಯೋನ್ ಎಸ್-ಟ್ರಾನ್ಸ್‌ಫರೇಸ್ ಅನ್ನೋ ಇನ್ನೊಂದು ಪ್ರೋಟೀನಿನ ಹೆಸರು. ಕೈನೇಸ್‌ಗೆ ಇದನ್ನ ಬಾಲದ ಹಾಗೆ ಜೋಡಿಸಿರ್ತಾರೆ. ಗ್ಲುಟಾಥಯೋನ್ ಹಚ್ಚಿದ ಪುಟ್ಟ ಮಣಿಗಳ ಮೇಲೆ ಕೋಶದ ರಸ ಸುರಿದ್ರೆ ಈ ಬಾಲ ಇರೋ ಪ್ರೋಟೀನ್ ಮಾತ್ರ ಅಂಟಿಕೊಳ್ಳುತ್ತೆ, ಉಳಿದದ್ದು ಹರಿದು ಹೋಗುತ್ತೆ. ಆಮೇಲೆ ಅಂಟಿದ್ದನ್ನ ಬಿಡಿಸಿ ತೆಗೀತಾರೆ. ಆ ಬಾಟಲಿ ಕೊಳ್ಳುವಾಗ ನಮ್ಮ ಜಿಎಸ್‌ಟಿಯೂ ಬೀಳುತ್ತೆ ಅನ್ನೋದು ಬೇರೆ ಮಾತು.

ಬಾಟಲಿಯಲ್ಲಿ ಎಷ್ಟಿರುತ್ತೆ? ಸಾಮಾನ್ಯವಾಗಿ ಹತ್ತು, ಐವತ್ತು, ನೂರು ಮೈಕ್ರೋಗ್ರಾಂ. ಒಂದು ಗ್ರಾಂ ಅಂದ್ರೆ ಹತ್ತು ಲಕ್ಷ ಮೈಕ್ರೋಗ್ರಾಂ. ಬೆಲೆ ನೂರಾರು ಡಾಲರ್. ಲೆಕ್ಕಕ್ಕೆ ಸುಲಭ ಆಗಲಿ ಅಂತ 10 ಮೈಕ್ರೋಗ್ರಾಂಗೆ 25,000 ರೂಪಾಯಿ ಅಂತ ಇಟ್ಕೊಳ್ಳಿ. ಅದೇ ದರದಲ್ಲಿ ಒಂದು ಗ್ರಾಂಗೆ ಎಷ್ಟಾಯ್ತು? 250 ಕೋಟಿ. ಬಂಗಾರದಂಗಡಿಯವರು ತಲೆ ತಿರುಗಿ ಬೀಳಬೇಕು.

ಯಾರೂ ಗ್ರಾಂಗಟ್ಟಲೆ ಕೊಳ್ಳಲ್ಲ, ಅದು ಸರಿ. ಒಂದು ಪರೀಕ್ಷೆಗೆ ನ್ಯಾನೋಗ್ರಾಂಗಳಲ್ಲಿ ಸಾಕು. ಆದರೆ ಒಂದು ವಿಷಯ ಗಮನಿಸಿ. ಕಚ್ಚಾ ವಸ್ತುವಿಗೆ ಇಷ್ಟು ಬೆಲೆ ಇಲ್ಲ. ಜೀನ್ ಇರೋ ಪ್ಲಾಸ್ಮಿಡ್‌ಗಳನ್ನ ಹಂಚೋಕೆ ಆಡ್‌ಜೀನ್‌ನಂಥ, 2004ರಿಂದ ನಡೀತಿರೋ ಲಾಭದ ಉದ್ದೇಶವಿಲ್ಲದ ಸಂಸ್ಥೆಗಳೇ ಇವೆ. ಹುಳುವಿನ ಕೋಶ ತಾನಾಗೇ ಬೆಳೆಯುತ್ತೆ. ದುಡ್ಡು ಬೀಳೋದು ನುರಿತ ಕೈಗೆ, ಗುಣಮಟ್ಟ ಪರೀಕ್ಷೆಗೆ, ಮೈನಸ್ 70-80 ಡಿಗ್ರಿಯ ಫ್ರೀಜರ್‌ಗೆ, ಡ್ರೈ ಐಸ್ ತುಂಬಿದ ವಿಮಾನದ ಪಾರ್ಸೆಲ್‌ಗೆ.

ಕಸ್ಟಮ್ಸ್‌ನಲ್ಲಿ ಪಾರ್ಸೆಲ್ ಒಂದು ವಾರ ನಿಂತು ಡ್ರೈ ಐಸ್ ಆವಿ ಆಯ್ತು ಅಂದ್ರೆ ಒಳಗಿನ ಎಂಜೈಮ್ ಸತ್ತಿರುತ್ತೆ. ಬಾಟಲಿ ಮಾತ್ರ ಹಾಗೇ ಇರುತ್ತೆ. ಒಮ್ಮೆ ಕರಗಿಸಿ ಮತ್ತೆ ಹೆಪ್ಪುಗಟ್ಟಿಸಿದ್ರೂ ಅದರ ಚುರುಕು ಇಳಿಯುತ್ತೆ, ಅದಕ್ಕೇ ಮೊದಲ ದಿನವೇ ಚೂರು ಚೂರು ಪಾಲು ಮಾಡಿ ಇಡ್ತಾರೆ. ನಮ್ಮಂಥ ಕಡೆ ಕರೆಂಟ್ ಹೋದ್ರೆ ಜನರೇಟರ್ ಶುರುವಾಗಲೇಬೇಕು. ಇದೆಲ್ಲ ವಿಜ್ಞಾನಿಯ ತಲೆನೋವು ಅಂತ ನಾವು ಅಂದ್ಕೊಂಡಿದೀವಿ. ನಿಜವಾಗಿ ಇದು ಇನ್ವೆಂಟರಿ ಮ್ಯಾನೇಜ್‌ಮೆಂಟ್.

ಭಾಗ 5/9: ಒಂದು ಕೈನೇಸ್, ಒಂದು ಕೇಸು

ಈ ಬಾಟಲಿಗಳಿಂದ ಏನಾದ್ರೂ ಉಪಯೋಗ ಆಗಿದ್ಯಾ? ಆಗಿದೆ. ಒಂದು ಉದಾಹರಣೆ ಸಾಕು.

ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾ ಅಂತ ಒಂದು ರಕ್ತದ ಕ್ಯಾನ್ಸರ್ ಇದೆ. ಅದರಲ್ಲಿ ಎರಡು ಕ್ರೋಮೋಸೋಮ್‌ಗಳ ತುಂಡು ಅದಲು ಬದಲಾಗಿ, ಬಿಸಿಆರ್-ಏಬಿಎಲ್ ಅನ್ನೋ ತಲೆಕೆಟ್ಟ ಕೈನೇಸ್ ಹುಟ್ಟುತ್ತೆ. ಸೀಲು ಹೊಡೆಯೋದನ್ನ ನಿಲ್ಲಿಸೋದೇ ಇಲ್ಲ. ಅದು ಇಂಕ್ ಪ್ಯಾಡ್ ಇಟ್ಕೊಳ್ಳೋ ಜಾಗದಲ್ಲೇ ಹೋಗಿ ಕೂರುವ ಅಣು ಇಮ್ಯಾಟಿನಿಬ್. 2001ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ತು. ದಿನಕ್ಕೊಂದು ಮಾತ್ರೆ ನುಂಗಿ ಜನ ವರ್ಷಗಟ್ಟಲೆ ಬದುಕೋ ಹಾಗಾಯ್ತು.

ಇಲ್ಲಿಂದ ಮುಂದೆ ಬಿಸಿನೆಸ್ ಲಾ. ನೋವಾರ್ಟಿಸ್ ಕಂಪನಿ ಆ ಔಷಧದ ಒಂದು ಸ್ಫಟಿಕ ರೂಪಕ್ಕೆ ಭಾರತದಲ್ಲಿ ಪೇಟೆಂಟ್ ಕೇಳಿತು. ಆಗಿನ ವರದಿಗಳಲ್ಲಿ ಬಂದ ಹಾಗೆ, ಕಂಪನಿಯ ಮಾತ್ರೆಗೆ ತಿಂಗಳಿಗೆ ಸುಮಾರು 1,20,000 ರೂಪಾಯಿ. ಭಾರತದ ಕಂಪನಿಗಳು ಮಾಡಿದ್ದಕ್ಕೆ 8,000ದಿಂದ 10,000 ರೂಪಾಯಿ. ನಮ್ಮ ಪೇಟೆಂಟ್ ಕಾಯ್ದೆಯ ಸೆಕ್ಷನ್ 3(ಡಿ) ಹೇಳೋದು ಇಷ್ಟೇ: ಹಳೆಯ ವಸ್ತುವಿನ ಹೊಸ ರೂಪ ತಂದ್ರೆ ಸಾಲದು, ಅದರಿಂದ ಚಿಕಿತ್ಸೆಯ ಗುಣ ನಿಜವಾಗಿ ಹೆಚ್ಚಿರಬೇಕು. 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ನೋವಾರ್ಟಿಸ್ ಅರ್ಜಿಯನ್ನ ತಳ್ಳಿಹಾಕಿತು. ಏಪ್ರಿಲ್ ಫೂಲ್ ಅಲ್ಲ, ನಿಜ.

ಆಮೇಲೆ ಕೈನೇಸ್ ಅನ್ನೋದು ಔಷಧ ಕಂಪನಿಗಳ ಅಚ್ಚುಮೆಚ್ಚಿನ ಗುರಿ ಆಯ್ತು. ಕೈನೇಸ್ ತಡೆಯುವ 70ಕ್ಕೂ ಹೆಚ್ಚು ಔಷಧಗಳಿಗೆ ಅಮೆರಿಕದ ಎಫ್‌ಡಿಎ ಅನುಮತಿ ಕೊಟ್ಟಿದೆ. ಬಹುಪಾಲು ಕ್ಯಾನ್ಸರ್‌ಗೆ. ಒಂದೊಂದರ ಹಿಂದೆಯೂ ಇಂಥ ಪುಟ್ಟ ಬಾಟಲಿಗಳ ರಾಶಿ ಇದೆ: ತಟ್ಟೆಯ ನೂರಾರು ಗುಳಿಗಳಲ್ಲಿ ಕೈನೇಸ್, ಎಟಿಪಿ, ಒಂದೊಂದು ಹೊಸ ರಾಸಾಯನಿಕ ಹಾಕಿ, ಎಲ್ಲಿ ಸೀಲು ಬೀಳಲಿಲ್ಲ ಅಂತ ನೋಡೋದು.

ಈ ಕಥೆಯಲ್ಲಿ ವಿಜ್ಞಾನ ಎಷ್ಟಿದ್ಯೋ ಕಾನೂನು, ಬೆಲೆ, ಸ್ಪರ್ಧೆನೂ ಅಷ್ಟೇ ಇದೆ. ಮಾತ್ರೆ ಕಂಡುಹಿಡಿದವರು ಒಬ್ಬರು. ಅದು ಬಡವರ ಕೈಗೆ ಎಟುಕೋ ಹಾಗೆ ಮಾಡಿದ್ದು ಒಂದು ಸೆಕ್ಷನ್.

ಭಾಗ 6/9: ಕ್ಯಾಸನೂರು, 1957

ಈಗ ನಮ್ಮೂರಿಗೆ ಬರೋಣ. 1957ರ ಮಾರ್ಚ್. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸಾಯ್ತಾ ಇದ್ವು. ಕಪ್ಪು ಮುಖದ ಮುಸುವ, ಕೆಂಪು ಮಂಗ ಎರಡೂ. ಸುತ್ತಲ ಹಳ್ಳಿಗಳಲ್ಲಿ ಜನರಿಗೂ ಜ್ವರ. ಪುಣೆಯ ವೈರಸ್ ರಿಸರ್ಚ್ ಸೆಂಟರ್‌ನಿಂದ ತಂಡ ಬಂತು. ಆ ಕೇಂದ್ರ ಐಸಿಎಂಆರ್ ಮತ್ತು ಅಮೆರಿಕದ ರಾಕ್‌ಫೆಲರ್ ಫೌಂಡೇಷನ್ ಸೇರಿ 1952ರಲ್ಲಿ ಶುರು ಮಾಡಿದ್ದು, ಈಗಿನ ಎನ್‌ಐವಿ. ಅವರು ಹೊಸ ವೈರಸ್ಸನ್ನ ಹಿಡಿದ್ರು, ಕಾಡಿನ ಹೆಸರಿಟ್ರು.

ಹರಡೋದು ಉಣುಗಿನಿಂದ. ಮುಖ್ಯವಾಗಿ ಹೀಮಾಫೈಸಾಲಿಸ್ ಸ್ಪಿನಿಜೆರಾ ಅನ್ನೋ ಜಾತಿ. ಮಂಗ ಸತ್ತಾಗ ಮೈಮೇಲಿದ್ದ ಉಣುಗು ಕೆಳಗೆ ಉದುರುತ್ತೆ, ಆ ಜಾಗ ಅಪಾಯದ ತಾಣ ಆಗುತ್ತೆ. ದನ ಮೇಯಿಸೋಕೆ, ಸೌದೆಗೆ, ಕೊಟ್ಟಿಗೆಗೆ ಸೊಪ್ಪು-ದರಕು ತರೋಕೆ ಹೋದವರಿಗೆ ಕಚ್ಚುತ್ತೆ. ಇದ್ದಕ್ಕಿದ್ದಂತೆ ಜ್ವರ, ತಡೆಯಲಾಗದ ತಲೆನೋವು, ಮೈಕೈ ನೋವು, ಕೆಲವರಿಗೆ ರಕ್ತಸ್ರಾವ. ನೂರು ಜನಕ್ಕೆ ಬಂದ್ರೆ ಮೂರರಿಂದ ಐದು ಜನ ಉಳಿಯಲ್ಲ. ಉಳಿದವರೂ ವಾರಗಟ್ಟಲೆ ಏಳಲ್ಲ, ಅಂದ್ರೆ ವಾರಗಟ್ಟಲೆ ಕೂಲಿ ಇಲ್ಲ.

ಲಸಿಕೆ ಇತ್ತು. 1990ರಿಂದ ಕರ್ನಾಟಕದಲ್ಲಿ ಕೊಡ್ತಾ ಬಂದ್ರು. ಒಂದು ತಿಂಗಳ ಅಂತರದಲ್ಲಿ ಎರಡು ಡೋಸ್, ಕೆಲವು ತಿಂಗಳಾದ ಮೇಲೆ ಬೂಸ್ಟರ್, ಆಮೇಲೆ ವರ್ಷ ವರ್ಷ. ಚುಚ್ಚಿದ್ರೆ ಸಿಕ್ಕಾಪಟ್ಟೆ ನೋವು. ಕಾಲ ಕಳೆದ ಹಾಗೆ ಅದರ ಶಕ್ತಿ ಸಾಲದು ಅಂತ ಕಂಡುಬಂತು, 2022ರಲ್ಲಿ ನಿಲ್ಲಿಸಿದ್ರು. 2018ರ ಕೊನೆ, 2019ರ ಆರಂಭದಲ್ಲಿ ಪಕ್ಕದ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಆದ ಸಾವುಗಳು ಇನ್ನೂ ಎಲ್ಲರಿಗೂ ನೆನಪಿವೆ. ಈಗ ಐಸಿಎಂಆರ್ ಮತ್ತು ಇಂಡಿಯನ್ ಇಮ್ಯುನಾಲಜಿಕಲ್ಸ್ ಸೇರಿ ಹೊಸ ಲಸಿಕೆಯ ಕೆಲಸ ನಡೆಸ್ತಿವೆ.

ಲಸಿಕೆ ಬಂದ್ರೆ ಸಂತೋಷ. ಆದರೆ ಲಸಿಕೆ ಬರೋದು ಕಾಯಿಲೆ ಬರದೇ ಇರಲಿ ಅಂತ. ಬಂದವರಿಗೆ ಏನು? ಜ್ವರಕ್ಕೆ ಪ್ಯಾರಾಸಿಟಮಾಲ್, ಡ್ರಿಪ್, ಬೇಕಾದ್ರೆ ರಕ್ತ, ಚೆನ್ನಾಗಿ ನೋಡ್ಕೊಳ್ಳೋ ನರ್ಸ್. ವೈರಸ್ಸನ್ನೇ ತಡೆಯುವ ಔಷಧ 1957ರಲ್ಲಿ ಇರಲಿಲ್ಲ. ಈಗಲೂ ಇಲ್ಲ.

ಭಾಗ 7/9: ವೈರಸ್ಸಿಗೂ ಇ-ವೇ ಬಿಲ್ ಬೇಕು

"ಕೈನೇಸ್ ಕ್ಯಾನ್ಸರ್‌ದಲ್ವಾ, ಮಂಗನ ಕಾಯಿಲೆಗೆ ಏನು ಸಂಬಂಧ?" ಒಳ್ಳೆ ಪ್ರಶ್ನೆ.

ವೈರಸ್ ಹತ್ರ ಸ್ವಂತದ್ದು ಬಹಳ ಕಮ್ಮಿ. ಒಳಗೆ ಹೋಗೋಕೆ, ಒಳಗೆ ಓಡಾಡೋಕೆ, ಹೊರಗೆ ಬರೋಕೆ ನಮ್ಮ ಕೋಶದ ಸಾಗಾಟ ವ್ಯವಸ್ಥೆಯನ್ನೇ ಬಳಸುತ್ತೆ. ಕೋಶದೊಳಗೆ ಸರಕು ತುಂಬಿ ಕಳಿಸುವ ಪ್ರೋಟೀನ್‌ಗಳಿಗೆ ಸೀಲು ಹಾಕೋ ಎರಡು ಮಾನವ ಕೈನೇಸ್‌ಗಳಿವೆ: ಎಎಕೆ1 ಮತ್ತು ಜಿಎಕೆ. ಇ-ವೇ ಬಿಲ್ ಪಾಸ್ ಮಾಡೋರು ಅಂದ್ಕೊಳ್ಳಿ. ಬಿಲ್ ಪಾಸ್ ಆಗದಿದ್ರೆ ಲಾರಿ ಹೊರಡಲ್ಲ, ವೈರಸ್ಸೂ ಹೊರಡಲ್ಲ.

2017ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತಂಡ ಒಂದು ಫಲಿತಾಂಶ ಪ್ರಕಟಿಸಿತು. ಸುನಿಟಿನಿಬ್, ಎರ್ಲೋಟಿನಿಬ್ ಅನ್ನೋ ಎರಡು ಕ್ಯಾನ್ಸರ್ ಔಷಧಗಳು ಈ ಎರಡು ಕೈನೇಸ್‌ಗಳನ್ನೂ ತಡೆಯುತ್ತವೆ. ಎರಡನ್ನೂ ಸೇರಿಸಿ ಕೊಟ್ಟಾಗ ಇಲಿಗಳಲ್ಲಿ ಡೆಂಗ್ಯೂ ಮತ್ತು ಎಬೋಲಾ ಸೋಂಕಿನಿಂದ ರಕ್ಷಣೆ ಸಿಕ್ತು. ಡೆಂಗ್ಯೂ ವೈರಸ್ಸೂ ನಮ್ಮ ಕ್ಯಾಸನೂರು ವೈರಸ್ಸೂ ಒಂದೇ ಕುಟುಂಬ, ಫ್ಲಾವಿವೈರಸ್.

ದಯವಿಟ್ಟು ತಪ್ಪು ತಿಳ್ಕೋಬೇಡಿ. ಕ್ಯಾನ್ಸರ್ ಮಾತ್ರೆ ಮಂಗನ ಕಾಯಿಲೆಗೆ ಔಷಧ ಅಂತ ನಾನು ಹೇಳ್ತಿಲ್ಲ. ಇಲಿಯಲ್ಲಿ ಆದದ್ದು ಮನುಷ್ಯನಲ್ಲಿ ಆಗಲೇಬೇಕು ಅಂತಿಲ್ಲ, ಆ ಮಾತ್ರೆಗಳಿಗೆ ಅಡ್ಡ ಪರಿಣಾಮವೂ ಇದೆ. ಹುಡುಕಬೇಕಾದ ದಾರಿ ಒಂದು ಇದೆ ಅಂತ ಹೇಳ್ತಿದೀನಿ. ಆ ದಾರಿಯ ಮೊದಲ ಮೆಟ್ಟಿಲಿಗೆ ಬೇಕಾದ್ದು ಶುದ್ಧ ಎಎಕೆ1, ಶುದ್ಧ ಜಿಎಕೆ, ಜೊತೆಗೆ ಕ್ಯಾಸನೂರು ವೈರಸ್ಸಿನ ಸ್ವಂತ ಎಂಜೈಮ್‌ಗಳು.

ಇನ್ನೊಂದು ಲಾಭ. ಜೀವಂತ ಕ್ಯಾಸನೂರು ವೈರಸ್ಸನ್ನ ಯಾವ ಲ್ಯಾಬಲ್ಲಿ ಬೇಕಾದ್ರೂ ಮುಟ್ಟೋ ಹಾಗಿಲ್ಲ, ಅತಿ ಭದ್ರತೆಯ ಲ್ಯಾಬ್ ಬೇಕು. ಬಾಟಲಿಯಲ್ಲಿರೋ ಒಂಟಿ ಪ್ರೋಟೀನ್ ಯಾರಿಗೂ ಅಂಟಲ್ಲ. ಸಾಧಾರಣ ಲ್ಯಾಬಲ್ಲೇ ಮೊದಲ ಜರಡಿ ಹಿಡಿಯಬಹುದು.

ಹಾಗಾದ್ರೆ ಯಾಕೆ ಕಂಪನಿಗಳು ಮುಗಿಬೀಳ್ತಿಲ್ಲ? ವರ್ಷಕ್ಕೆ ಸರಾಸರಿ 400ರಿಂದ 500 ಜನಕ್ಕೆ ಬರೋ ಕಾಯಿಲೆ. ಬರೋದು ಯಾರಿಗೆ? ಸೌದೆಗೆ ಹೋಗೋರಿಗೆ. ಬ್ಯಾಲೆನ್ಸ್ ಶೀಟ್ ನೋಡೋ ಯಾವ ಮ್ಯಾನೇಜರ್ ಇದಕ್ಕೆ ಬಂಡವಾಳ ಹಾಕ್ತಾನೆ? ಅವನನ್ನ ಬೈದು ಪ್ರಯೋಜನ ಇಲ್ಲ. ಅವನ ಲೆಕ್ಕ ಸರಿಯಾಗೇ ಇದೆ. ಅವನ ಲೆಕ್ಕದಲ್ಲಿ ನಾವಿಲ್ಲ, ಅಷ್ಟೇ.

ಭಾಗ 8/9: ನೀವು ಕೇಳಬಹುದಾದ ಮೂರು ಪ್ರಶ್ನೆ

ಒಂದು: "ಕೊಳ್ಳೋದು ಅಗ್ಗ ಆದ್ರೆ ಮಾಡೋದ್ಯಾಕೆ? ರಿಕಾರ್ಡೋ ಓದಿಲ್ವಾ?" ಓದಿದೀವಿ. ಯಾರು ಯಾವುದರಲ್ಲಿ ಮುಂದೋ ಅವರು ಅದನ್ನ ಮಾಡಲಿ, ವಿನಿಮಯ ಮಾಡ್ಕೊಳ್ಳಲಿ ಅಂತ. ಎಎಕೆ1 ಅಂಗಡಿಯಲ್ಲಿ ಸಿಗುತ್ತಾ, ತಗೊಳ್ಳಿ, ಬೇಡ ಅನ್ನಲ್ಲ. ಆದರೆ ರಿಕಾರ್ಡೋ ಸಿದ್ಧಾಂತಕ್ಕೆ ಮಾರೋರೊಬ್ಬರು ಇರಲೇಬೇಕು. ನಮ್ಮ ವೈರಸ್ಸಿಗೆ ಬೇಕಾದ ಪ್ರೋಟೀನನ್ನ ಬೇರೆ ದೇಶದ ಕಂಪನಿ ನಮಗೋಸ್ಕರ ಕ್ಯಾಟಲಾಗ್‌ಗೆ ಸೇರಿಸುತ್ತೆ ಅಂತ ಕಾಯೋದು ವ್ಯಾಪಾರ ನೀತಿ ಅಲ್ಲ. ಮತ್ತೆ 2020ರಲ್ಲಿ ನೋಡಿದ್ವಲ್ಲ, ದುಡ್ಡು ಇದ್ರೂ ಕೋವಿಡ್ ಪರೀಕ್ಷೆಯ ರೀಏಜೆಂಟ್ ಸಿಗದೆ ದೇಶಗಳೆಲ್ಲ ಕ್ಯೂ ನಿಂತಿದ್ದು. ಆಗ ಬೆಂಗಳೂರಿನ ಸಿ-ಕ್ಯಾಂಪ್ ಸಂಸ್ಥೆ ಪರೀಕ್ಷಾ ಸಾಮಗ್ರಿ ದೇಶದಲ್ಲೇ ತಯಾರಾಗಲಿ ಅಂತ ಇನ್‌ಡಿಎಕ್ಸ್ ಅನ್ನೋ ಯೋಜನೆ ನಡೆಸಿತು. ಬೇಕು ಅಂದಾಗ ಆಗುತ್ತೆ.

ಎರಡು: "ಇದೆಲ್ಲ ಬೆಂಗಳೂರಿನ ಕೆಲಸ, ನಮ್ಮ ಕಡೆ ಆಗಲ್ಲ." ಬೆಂಗಳೂರೂ ಹುಟ್ಟುವಾಗಲೇ ಬಯೋಟೆಕ್ ನಗರ ಆಗಿರಲಿಲ್ಲ. 1978ರಲ್ಲಿ ಬಯೋಕಾನ್ ಶುರುವಾದಾಗ ಮಾಡ್ತಿದ್ದದ್ದು ಪರಂಗಿ ಹಣ್ಣಿನಿಂದ ತೆಗೆಯೋ ಪಪೇನ್ ಎಂಜೈಮ್. 2004ರಲ್ಲಿ ಅದೇ ಕಂಪನಿ ರೀಕಾಂಬಿನೆಂಟ್ ಮಾನವ ಇನ್ಸುಲಿನ್ ಮಾರುಕಟ್ಟೆಗೆ ತಂತು. ಪರಂಗಿಯಿಂದ ಇನ್ಸುಲಿನ್‌ಗೆ 26 ವರ್ಷ. ನಮ್ಮ ಜಿಲ್ಲೆಯ ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯದ ಬಯೋಟೆಕ್ನಾಲಜಿ ವಿಭಾಗ ಇದೆ. ಶಿವಮೊಗ್ಗದಲ್ಲಿ ವೈರಸ್ ಪತ್ತೆ ಮಾಡೋ ಪ್ರಯೋಗಾಲಯ ಇದೆ. ಸೈನಿಕ ಹುಳುವನ್ನ ದೇಶಕ್ಕೇ ಮೊದಲು ಗುರುತಿಸಿದ ಕಣ್ಣುಗಳೂ ಇಲ್ಲೇ ಇವೆ. ಸೊನ್ನೆಯಿಂದ ಶುರು ಮಾಡಬೇಕಾಗಿಲ್ಲ.

ಮೂರು: "ಮೊದಲು ಆಸ್ಪತ್ರೆಗೆ ಡಾಕ್ಟರ್, ಆಂಬುಲೆನ್ಸ್ ಕೊಡಿ, ಆಮೇಲೆ ಕೈನೇಸ್." ಈ ಪ್ರಶ್ನೆ ನ್ಯಾಯವಾದದ್ದು. ಜ್ವರ ಬಂದವರಿಗೆ ಇವತ್ತು ಬೇಕಾದ್ದು ಹಾಸಿಗೆ, ಡ್ರಿಪ್, ಬೇಗ ಬರೋ ರಿಪೋರ್ಟ್. ಅದನ್ನ ಕಡಿಮೆ ಮಾಡಿ ಇದಕ್ಕೆ ಕೊಡಿ ಅಂತ ಯಾರೂ ಕೇಳಬಾರದು. ಆದರೆ ಬೇಗ ಬರೋ ರಿಪೋರ್ಟೂ ಎಂಜೈಮ್ ಮೇಲೇ ನಿಂತಿದೆ. ಮಂಗನ ಕಾಯಿಲೆಯ ಆರ್‌ಟಿ-ಪಿಸಿಆರ್ ಪರೀಕ್ಷೆಯಲ್ಲಿ ವೈರಸ್ಸಿನ ಆರ್‌ಎನ್‌ಎಯನ್ನ ಡಿಎನ್‌ಎ ಮಾಡೋದು ಒಂದು ಎಂಜೈಮ್, ಅದನ್ನ ಕೋಟಿಗಟ್ಟಲೆ ಪ್ರತಿ ಮಾಡೋದು ಇನ್ನೊಂದು. ಎರಡೂ ಇದೇ ಥರ ಬೇರೆ ಜೀವಿಯ ಕೋಶದಲ್ಲಿ ತಯಾರಾದವು. ಒಂದೇ ಕೌಶಲ, ಒಂದೇ ಫ್ರೀಜರ್. ಕೈನೇಸ್ ಮಾಡೋಕೆ ಕಲಿತ ಕೈ ಟೆಸ್ಟ್ ಕಿಟ್‌ನ ಎಂಜೈಮನ್ನೂ ಮಾಡುತ್ತೆ. ಇವತ್ತಿನ ರೋಗಿ, ನಾಳೆಯ ಔಷಧ ಅಂತ ಎರಡು ಪಕ್ಷ ಮಾಡಿ ಜಗಳ ಹಚ್ಚೋದು ಬೇಡ.

ಭಾಗ 9/9: ಹಾಗಾದ್ರೆ ಏನು ಕೇಳಬೇಕು?

ನಾನು ಕೇಳೋದು ಮೂರೇ.

ಮೊದಲನೇದು, ಶಂಕರಘಟ್ಟದಲ್ಲಿ ಒಂದು ಪುಟ್ಟ ಪ್ರೋಟೀನ್ ಘಟಕ. ಐನೂರು ಕೈನೇಸ್ ಬೇಡ. ಎಎಕೆ1, ಜಿಎಕೆ, ಕ್ಯಾಸನೂರು ವೈರಸ್ಸಿನ ಮುಖ್ಯ ಎಂಜೈಮ್‌ಗಳು, ಪಿಸಿಆರ್‌ಗೆ ಬೇಕಾದ ಎರಡು. ದೇಶದ ಯಾವ ಲ್ಯಾಬ್ ಈ ಕಾಯಿಲೆ ಬಗ್ಗೆ ಕೆಲಸ ಮಾಡಿದ್ರೂ ಅಲ್ಲಿಂದ ತಯಾರಿಕಾ ವೆಚ್ಚಕ್ಕೆ ಕಳಿಸಲಿ. ಬಂಡೀಪುರ, ವಯನಾಡು, ನೀಲಗಿರಿ, ಗೋವಾ, ಸಿಂಧುದುರ್ಗದ ತನಕ ಈ ಕಾಯಿಲೆ ಕಾಣಿಸಿಕೊಂಡಿದೆ. ಇದು ಈಗ ಸೊರಬದ್ದು ಮಾತ್ರ ಅಲ್ಲ.

ಎರಡನೇದು, ಲ್ಯಾಬ್ ಸಾಮಗ್ರಿಗೆ ಪ್ರತಿ ವರ್ಷ ಬಜೆಟ್‌ನಲ್ಲಿ ಖಾಯಂ ಸಾಲು. ಮಂಗ ಸತ್ತು, ಜನ ಸತ್ತು, ಪೇಪರಲ್ಲಿ ಬಂದಾಗ ಮಾತ್ರ ಬಿಡುಗಡೆ ಆಗೋ ಹಣದಿಂದ ಕೋಶ ಬೆಳೆಸೋಕೆ ಆಗಲ್ಲ. ಹುಳುವಿನ ಕೋಶ ಮಾರ್ಚ್ ಎಂಡ್‌ವರೆಗೆ ಕಾಯಲ್ಲ.

ಮೂರನೇದು ನಮಗೆ. ಬಿಕಾಂ ಮುಗಿಸಿ ಬ್ಯಾಂಕ್ ಪರೀಕ್ಷೆ, ಸಿಎ, ಟ್ಯಾಲಿ ಅಂತ ಹೊರಡೋರಲ್ಲಿ ಹತ್ತು ಜನ ಆದ್ರೂ ಈ ಕಡೆ ನೋಡಿ. ಆಮದು ದಾಖಲೆ, ಕಸ್ಟಮ್ಸ್, ಕೋಲ್ಡ್ ಚೈನ್, ದಾಸ್ತಾನು, ಕಾಸ್ಟಿಂಗ್, ಗ್ರಾಂಟ್ ಲೆಕ್ಕ ಗೊತ್ತಿರೋರು ಲ್ಯಾಬ್‌ಗಳಿಗೆ ಬೇಕು. ಪರೀಕ್ಷೆ ಮಾಡಬೇಕಾದ ವಿಜ್ಞಾನಿ ಪಾರ್ಸೆಲ್ ಹಿಂದೆ ಓಡಾಡ್ತಾ ಕೂರಬಾರದು.

ಸಾರ್ವಜನಿಕ ದುಡ್ಡು ಅಂದಾಗ ಕೆಲವರು ಮುಖ ತಿರುಗಿಸ್ತಾರೆ. ಅವರಿಗೆ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿ ತೋರಿಸಿ. ಅಲ್ಲಿನ ಕೋಡಿಯ ಮಠದ 1162ರ ಶಾಸನ ಆ ಮಠವನ್ನ ವೇದ, ವ್ಯಾಕರಣ ಕಲಿಸೋ ಜಾಗ ಅಂತ ಹೇಳೋದರ ಜೊತೆಗೆ, ದಿಕ್ಕಿಲ್ಲದ ರೋಗಿಗಳಿಗೆ ಚಿಕಿತ್ಸೆ ಸಿಗೋ ಜಾಗ ಅಂತಲೂ ಹೇಳುತ್ತೆ. ಅದು ನಡೀತಿದ್ದದ್ದು ದತ್ತಿಯಿಂದ. ಲಾಭ ಬರದ ಕಡೆ ಊರೇ ಕೈ ಹಾಕಬೇಕು ಅನ್ನೋದು ನಮ್ಮ ಮಣ್ಣಿಗೆ ಹೊಸ ವಿಚಾರ ಅಲ್ಲ.

ಇದಕ್ಕೆಲ್ಲ ವರ್ಷಗಳು ಬೇಕು. ಅಲ್ಲೀವರೆಗೆ ಮಾಡಬೇಕಾದ್ದು: ನವೆಂಬರ್‌ನಿಂದ ಮೇ ತನಕ ಕಾಡಿಗೆ ಹೋಗೋರಿಗೆ ಆರೋಗ್ಯ ಇಲಾಖೆ ಕೊಡೋ ಡೀಪಾ ಎಣ್ಣೆ ಹಚ್ಕೊಂಡು ಹೋಗೋಕೆ ಹೇಳಿ. ಬಂದ ಮೇಲೆ ಬಿಸಿನೀರು, ಸೋಪು, ಬಟ್ಟೆ ಬದಲು. ಸತ್ತ ಮಂಗ ಕಂಡ್ರೆ ಮುಟ್ಟಬೇಡಿ, ಆಶಾ ಕಾರ್ಯಕರ್ತೆಗೋ ಪಂಚಾಯಿತಿಗೋ ತಿಳಿಸಿ. ಜ್ವರ ಬಂದ್ರೆ ಮೆಡಿಕಲ್ ಶಾಪ್ ಮಾತ್ರೆಯಲ್ಲಿ ದಿನ ಕಳೀಬೇಡಿ, ರಕ್ತ ಪರೀಕ್ಷೆ ಮಾಡಿಸಿ.

ಮತ್ತೆ ಮುಂದಿನ ಸಲ ವೋಟು ಕೇಳೋಕೆ ಬಂದವರಿಗೆ ರಸ್ತೆ, ನೀರು, ಹಾಸ್ಟೆಲ್ ಜೊತೆಗೆ ಇದೊಂದು ಪ್ರಶ್ನೆ ಸೇರಿಸಿ: "ನಮ್ಮ ಕಾಯಿಲೆಗೆ ಬೇಕಾದ ಎಂಜೈಮ್ ನಮ್ಮ ಜಿಲ್ಲೆಯಲ್ಲಿ ಯಾವಾಗ ತಯಾರಾಗುತ್ತೆ?" ಅವರು ಕಣ್ಣು ಕಣ್ಣು ಬಿಡ್ತಾರೆ. ಬಿಡಲಿ. ಆಗ ಈ ಒಂಬತ್ತು ಭಾಗ ಓದಿದ ನೀವೇ ವಿವರಿಸಿ.

#ಶಿಕಾರಿಪುರ #ಸೊರಬ #ಕ್ಯಾಸನೂರು #ಮಂಗನಕಾಯಿಲೆ #ಕೈನೇಸ್ #ಬಿಕಾಂಲೆಕ್ಕ